ಮಕ್ಕಳ ಸುರಕ್ಷತೆ, ಕ್ರೀಡಾ ಸಂಘಗಳಲ್ಲಿ

ಹದಿನೆಂಟು ವರ್ಷ ತುಂಬದ ಹುಡುಗ ಹುಡುಗಿಯರು ಆಟ ಕಲಿಯಲು, ಅಭ್ಯಾಸ ಮಾಡಲು, ಪಂದ್ಯಗಳಿಗೆ ಹೋಗಲು ಸೇರುವ ಸಂಘ, ಕ್ಲಬ್, ಅಕಾಡೆಮಿ, ಬೇಸಿಗೆ ಶಿಬಿರ, ಕ್ರೀಡಾ ವಸತಿನಿಲಯಗಳಲ್ಲಿ ಅವರ ಮೈಗೂ ಮನಸ್ಸಿಗೂ ಕೇಡಾಗದಂತೆ ನೋಡಿಕೊಳ್ಳುವ ಏರ್ಪಾಡು. ಇದಕ್ಕೆ ಎರಡು ಮುಖ: ಮೈದಾನದ ಅಪಘಾತಗಳಿಂದ ಕಾಪಾಡುವುದು ಒಂದು, ಮನುಷ್ಯರಿಂದ ಕಾಪಾಡುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಾರೆ. ಎರಡನೆಯದರ ಮಾತು ಬಂದಾಗ ಊರು ಮುಖ ತಿರುಗಿಸುತ್ತದೆ. ಹೆಚ್ಚಿನ ಹಾನಿ ಆ ಮೌನದಲ್ಲೇ ಆಗುವುದರಿಂದ ಇಲ್ಲಿ ಹೆಚ್ಚು ಜಾಗ ಅದಕ್ಕೇ ಸಲ್ಲುತ್ತದೆ.

ಊರಿನ ಆಟ, ಊರಿನ ಸಂಘ

ಒಂದು ಜಿಲ್ಲೆಯನ್ನೇ ಉದಾಹರಣೆಯಾಗಿ ನೋಡೋಣ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹೆಸರಿರುವ ಮೈದಾನಗಳು ಬೆರಳೆಣಿಕೆಯಷ್ಟು. ಜಿಲ್ಲಾ ಕೇಂದ್ರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ. ಮಕ್ಕಳು ನಿಜವಾಗಿ ಆಡುವುದು ಇವುಗಳಿಗಿಂತ ಹೆಚ್ಚಾಗಿ ಶಾಲೆಯ ಬಯಲಿನಲ್ಲಿ, ಬತ್ತಿದ ಕೆರೆಯಂಗಳದಲ್ಲಿ, ಇನ್ನೂ ಮನೆ ಏಳದ ಲೇಔಟಿನ ಖಾಲಿ ಸೈಟುಗಳಲ್ಲಿ. ಅಲ್ಲಿ ಯಾವನೋ ಹಳೆಯ ಆಟಗಾರ, ಇಲ್ಲವೇ ಸಂಜೆ ಬಿಡುವಿರುವ ಪಿ.ಟಿ. ಮೇಷ್ಟ್ರು ಹತ್ತಿಪ್ಪತ್ತು ಮಕ್ಕಳನ್ನು ಕೂಡಿಸಿಕೊಂಡು ಕಬಡ್ಡಿ, ಖೋ-ಖೋ, ವಾಲಿಬಾಲ್, ಕ್ರಿಕೆಟ್ ಹೇಳಿಕೊಡುತ್ತಾರೆ. ಕೆಲವು ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಹಲವಕ್ಕೆ ಒಂದು ಜೆರ್ಸಿ, ಒಂದು ವಾಟ್ಸಾಪ್ ಗುಂಪು ಬಿಟ್ಟರೆ ಬೇರೆ ಗುರುತಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟದಿಂದ ರಾಜ್ಯ ತಂಡದವರೆಗೆ ಹೋದ ಎಷ್ಟೋ ಮಕ್ಕಳು ಹೊರಟದ್ದು ಇಂಥ ಕಡೆಯಿಂದಲೇ. ಇವನ್ನು ನಡೆಸುವವರ ದುಡಿಮೆ ದೊಡ್ಡದು, ಬಹುಪಾಲು ಬಿಟ್ಟಿ ದುಡಿಮೆ. ಆದರೆ ಇಲ್ಲಿಗೆ ಬರುವ ಮಗುವಿನ ಹೊಣೆ ಯಾರದು ಎಂದು ಕೇಳಿದರೆ ಕಾಗದದ ಮೇಲೆ ಉತ್ತರ ಸಿಗುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಉದಾಹರಣೆಯಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಹರಳು ಕೆತ್ತನೆಗೂ ವ್ಯಾಪಾರಕ್ಕೂ ಹೆಸರಾದ, ಶಿಯಾ ಮುಸ್ಲಿಮರು ಹೆಚ್ಚಾಗಿರುವ ಈ ದೊಡ್ಡ ಊರಿನ ಮನೆಮಾತು ಹೆಚ್ಚಾಗಿ ಉರ್ದು. ಸುತ್ತಲ ಹಳ್ಳಿಗಳಲ್ಲಿ, ಚಿಂತಾಮಣಿ ಬಾಗೇಪಲ್ಲಿಗಳ ಕಡೆಯಲ್ಲೂ, ಎಷ್ಟೋ ಮನೆಗಳಲ್ಲಿ ತೆಲುಗು. ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಇಲಾಖೆಯ ಸುತ್ತೋಲೆಯಲ್ಲಿ ಕನ್ನಡ. ಸುರಕ್ಷತೆಯ ನಿಯಮವನ್ನು ಮಗುವಿಗೆ ಅದರ ಮನೆಮಾತಿನಲ್ಲಿ ಒಮ್ಮೆಯಾದರೂ ಹೇಳದಿದ್ದರೆ ಗೋಡೆಗೆ ಅಂಟಿಸಿದ ಕಾಗದದಿಂದ ಪ್ರಯೋಜನವಿಲ್ಲ. ಮೈಗೆ ಆದ ಅವಮಾನವನ್ನು ಯಾವ ಮಗುವೂ ಪಠ್ಯಪುಸ್ತಕದ ಭಾಷೆಯಲ್ಲಿ ಹೇಳಿಕೊಳ್ಳುವುದಿಲ್ಲ.

ಅಪಾಯ ಬರುವ ದಾರಿ

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಒಂದು ವರದಿ ಹೊರತಂದಿತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿರುವುದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಗಂಡುಮಕ್ಕಳು. ದೌರ್ಜನ್ಯ ನಡೆಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು ಅಥವಾ ಅದರ ಹೊಣೆ ಹೊತ್ತಿದ್ದವರು. ಕ್ರೀಡಾ ಸಂಘಗಳ ಮಟ್ಟಿಗೆ ಈ ವರದಿಯಿಂದ ಕಲಿಯಬೇಕಾದ್ದು ಎರಡು: ಅಪರಿಚಿತನ ಬಗ್ಗೆ ಎಚ್ಚರಿಸಿ ಸುಮ್ಮನಾದರೆ ಸಾಲದು, ಹೆಣ್ಣುಮಕ್ಕಳ ಬಗ್ಗೆ ಮಾತ್ರ ಯೋಚಿಸಿದರೂ ಸಾಲದು.

ತರಬೇತುದಾರನ ಕೈಯಲ್ಲಿರುವ ಅಧಿಕಾರ ಶಾಲೆಯ ಮೇಷ್ಟ್ರಿಗೂ ಇಲ್ಲ. ತಂಡದ ಪಟ್ಟಿಯಲ್ಲಿ ಹೆಸರು ಬರೆಯುವವನು ಅವನು, ಆಡಿಸುವವನು ಅವನು, ಬೆಂಚಿನ ಮೇಲೆ ಕೂರಿಸುವವನೂ ಅವನೇ. ಮುಂದೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟೋ ಪೊಲೀಸ್, ರೈಲ್ವೆ ನೌಕರಿಯೋ ಸಿಗಬೇಕಾದರೆ ಬೇಕಾಗುವ ಸರ್ಟಿಫಿಕೇಟಿನ ಮೊದಲ ದಾರಿ ಅವನ ಮೂಲಕ ಹಾಯುತ್ತದೆ. ಬಡವರ ಮನೆಯ ಮಗುವಿಗೆ ಈ ದಾರಿ ಎಷ್ಟು ದೊಡ್ಡದೆಂಬುದು ಅವನಿಗೂ ಗೊತ್ತು, ತಂದೆತಾಯಿಗೂ ಗೊತ್ತು. ಗುರುವನ್ನು ಪ್ರಶ್ನಿಸಬಾರದೆಂಬ ನಮ್ಮ ಸಂಸ್ಕಾರ ಇದರ ಜೊತೆ ಸೇರಿದಾಗ ಮಗುವಿನ ಬಾಯಿ ಪೂರ್ತಿ ಕಟ್ಟಿಹೋಗುತ್ತದೆ.

ಕೇಡು ಬಗೆಯುವವನು ಒಂದೇ ದಿನದಲ್ಲಿ ಕೈ ಹಾಕುವುದು ಅಪರೂಪ. ಮೊದಲು ಮನೆಯವರ ವಿಶ್ವಾಸ ಗಳಿಸುತ್ತಾನೆ. ಹಬ್ಬಕ್ಕೆ ಬರುತ್ತಾನೆ, ಮಗುವಿಗೆ ಶೂ ಕೊಡಿಸುತ್ತಾನೆ, ‘ನಿಮ್ಮ ಹುಡುಗನಲ್ಲಿ ಏನೋ ಇದೆ’ ಎನ್ನುತ್ತಾನೆ. ಆಮೇಲೆ ಎಲ್ಲರೂ ಹೋದ ಮೇಲೆ ಹೆಚ್ಚಿನ ಅಭ್ಯಾಸ, ಬೈಕಿನಲ್ಲಿ ಮನೆಗೆ ಡ್ರಾಪ್, ರಾತ್ರಿ ಹತ್ತರ ಮೇಲೆ ಮೆಸೇಜು. ಆಮೇಲೆ ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂಬ ಮಾತು. ಒಂದೊಂದು ಹೆಜ್ಜೆಯೂ ಬಿಡಿಯಾಗಿ ನೋಡಿದರೆ ಒಳ್ಳೆಯತನದಂತೆಯೇ ಕಾಣುತ್ತದೆ. ಆದ್ದರಿಂದ ಮನುಷ್ಯ ಒಳ್ಳೆಯವನೇ ಕೆಟ್ಟವನೇ ಎಂದು ಮುಖ ನೋಡಿ ನಿರ್ಧರಿಸುವ ಸಂಘ ಯಾವ ಮಗುವನ್ನೂ ಕಾಪಾಡಲಾರದು. ಯಾರೇ ಆಗಲಿ, ಒಬ್ಬ ವಯಸ್ಕನ ಜೊತೆ ಒಂದು ಮಗು ಒಂಟಿಯಾಗಿ ಉಳಿಯದಂಥ ಏರ್ಪಾಡು ಮಾಡುವ ಸಂಘ ಕಾಪಾಡಬಲ್ಲದು. ಒಳ್ಳೆಯ ತರಬೇತುದಾರನಿಗೂ ಸುಳ್ಳು ಅನುಮಾನದಿಂದ ಅದೇ ರಕ್ಷೆ.

ಈ ಪಾಠಕ್ಕೆ ಜಗತ್ತಿನಾದ್ಯಂತ ಮಕ್ಕಳು ಬೆಲೆ ತೆತ್ತಿದ್ದಾರೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ದಶಕಗಳ ಕಾಲ ಹುಡುಗಿಯರನ್ನು ಹಿಂಸಿಸಿದ. 2018ರ ಜನವರಿಯಲ್ಲಿ ಮಿಶಿಗನ್ ನ್ಯಾಯಾಲಯ ಅವನಿಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಿತು. ಆ ವಿಚಾರಣೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಎದ್ದುನಿಂತು ಮಾತಾಡಿದರು. ಅವರಲ್ಲಿ ಕೆಲವರು ವರ್ಷಗಳ ಹಿಂದೆಯೇ ದೊಡ್ಡವರಿಗೆ ಹೇಳಿದ್ದರು, ಕೇಳಿಸಿಕೊಂಡವರಿರಲಿಲ್ಲ. ಬ್ರಿಟನ್‌ನಲ್ಲಿ ಒಲಿಂಪಿಕ್ ಈಜು ತಂಡದ ತರಬೇತುದಾರನಾಗಿದ್ದ ಪಾಲ್ ಹಿಕ್ಸನ್‌ಗೆ ಇಂಥದೇ ಅಪರಾಧಕ್ಕೆ 1995ರಲ್ಲಿ 17 ವರ್ಷ ಶಿಕ್ಷೆಯಾಯಿತು. 2001ರಲ್ಲಿ ಅಲ್ಲಿ ಕ್ರೀಡೆಯಲ್ಲಿನ ಮಕ್ಕಳ ರಕ್ಷಣೆಗೆಂದೇ ಒಂದು ಘಟಕ ಹುಟ್ಟಿತು.

ನಮ್ಮಲ್ಲೂ ಇಂಥವು ನಡೆದಿವೆ. 2014ರ ಜುಲೈನಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದು, ದೈಹಿಕ ತರಬೇತಿ ಸಿಬ್ಬಂದಿಯ ಬಂಧನವಾದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಶಾಲೆಗಳಲ್ಲಿ ಕ್ಯಾಮೆರಾ, ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ ಮುಂತಾದ ಸೂಚನೆಗಳು ಬಂದವು. 2016ರಲ್ಲಿ ರಾಜ್ಯ ಮಕ್ಕಳ ರಕ್ಷಣಾ ನೀತಿ ಬಂದಿತು. 2015ರ ಮೇ ತಿಂಗಳಲ್ಲಿ ಕೇರಳದ ಆಲಪ್ಪುಳದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಾಲ್ವರು ಹುಡುಗಿಯರು ವಿಷದ ಕಾಯಿ ತಿಂದರು, ಒಬ್ಬಳು ತೀರಿಕೊಂಡಳು. ಹಿರಿಯ ಆಟಗಾರ್ತಿಯರ ಕಿರುಕುಳ ಇದಕ್ಕೆ ಕಾರಣವೆಂದು ಮನೆಯವರು ದೂರಿದರು. ಮಕ್ಕಳಿಂದಲೇ ಮಕ್ಕಳಿಗೆ ಆಗುವ ಹಿಂಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಸತಿನಿಲಯ ಎಷ್ಟು ಅಪಾಯಕಾರಿ ಎಂಬುದು ಆಗ ದೇಶಕ್ಕೆ ಕಂಡಿತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹುಳಿಮಾವು ಪೊಲೀಸರು ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಆರೋಪದ ಮೇಲೆ ಬ್ಯಾಡ್ಮಿಂಟನ್ ತರಬೇತುದಾರನೊಬ್ಬನನ್ನು ಬಂಧಿಸಿದರು. ಮೊಬೈಲಿನಲ್ಲಿ ಮನೆಯವರ ಕಣ್ಣಿಗೆ ಬಿದ್ದ ಚಿತ್ರವೊಂದರಿಂದ ವಿಷಯ ಹೊರಬಿದ್ದಿತೆಂದು ಪತ್ರಿಕೆಗಳು ಬರೆದವು.

ಕಾನೂನು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಗಂಡು ಹೆಣ್ಣೆಂಬ ಭೇದವಿಲ್ಲದೆ ಹದಿನೆಂಟರೊಳಗಿನ ಎಲ್ಲರೂ ಇದರ ರಕ್ಷಣೆಯಲ್ಲಿದ್ದಾರೆ. ಮಗುವಿನ ನಂಬಿಕೆಯ ಅಥವಾ ಅಧಿಕಾರದ ಸ್ಥಾನದಲ್ಲಿರುವವನು ಮಾಡಿದ ಅಪರಾಧವನ್ನು ಕಾಯ್ದೆ ಹೆಚ್ಚು ಗಂಭೀರವೆಂದು ಎಣಿಸುತ್ತದೆ. ತರಬೇತುದಾರ, ವಾರ್ಡನ್, ಸಂಘದ ಪದಾಧಿಕಾರಿ ಎಲ್ಲರೂ ಈ ಸಾಲಿಗೆ ಬರುತ್ತಾರೆ. 2019ರ ತಿದ್ದುಪಡಿಯ ನಂತರ ಅಂಥವರು ಅತ್ಯಾಚಾರ ಎಸಗಿದರೆ ಕನಿಷ್ಠ 20 ವರ್ಷ ಜೈಲು. ಬಟ್ಟೆಯ ಮೇಲಿನಿಂದ ಮುಟ್ಟಿದರೆ ಅಪರಾಧವಲ್ಲವೆಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ನವೆಂಬರ್ 18ರಂದು ತಳ್ಳಿಹಾಕಿತು. ಅಲ್ಲಿ ನೋಡಬೇಕಾದ್ದು ಲೈಂಗಿಕ ಉದ್ದೇಶವನ್ನು ಎಂದು ಸ್ಪಷ್ಟಪಡಿಸಿತು. ಲೈಂಗಿಕ ಉದ್ದೇಶದಿಂದ ಮಗುವಿನ ಬೆನ್ನುಬಿದ್ದು ಮತ್ತೆ ಮತ್ತೆ ಮೆಸೇಜು ಮಾಡುವುದೂ ಈ ಕಾಯ್ದೆಯಡಿ ಅಪರಾಧವೇ.

ಸಂಘ ನಡೆಸುವವರು ಓದಲೇಬೇಕಾದ ಕಲಮುಗಳು 19 ಮತ್ತು 21. ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥನೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ, ಮುಂದೆ ಆರೋಪ ಸಾಬೀತಾಗದಿದ್ದರೂ, ಯಾವ ಕ್ರಮವೂ ಇಲ್ಲ. ‘ಮೊದಲು ನಾವೇ ವಿಚಾರಿಸಿ ನೋಡೋಣ’ ಎಂಬ ಸಮಿತಿಯ ಮಾತಿಗೆ ಇಲ್ಲಿ ಜಾಗವಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ತರಬೇತಿ ಕೇಂದ್ರಗಳನ್ನೂ ಹೆಸರಿಸಿ ಒಳಗೊಂಡಿದೆ. ಆದರೆ ಆ ಕಾಯ್ದೆಯ ಸಮಿತಿಯ ವಿಚಾರಣೆ ಹದಿನೆಂಟರೊಳಗಿನವರ ವಿಷಯದಲ್ಲಿ ಪೊಲೀಸ್ ದೂರಿಗೆ ಬದಲಿಯಾಗಲಾರದು.

2020ರ ಮಾರ್ಚ್‌ನಲ್ಲಿ ಬಂದ ಪೋಕ್ಸೊ ನಿಯಮಗಳು ಇನ್ನೂ ನೇರವಾಗಿವೆ. ಮಕ್ಕಳ ನಿತ್ಯ ಸಂಪರ್ಕಕ್ಕೆ ಬರುವ ಶಾಲೆ, ಶಿಶುವಿಹಾರಗಳ ಜೊತೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿ, ಕಾಯಂ ಆಗಿರಲಿ ಗುತ್ತಿಗೆಯಾಗಿರಲಿ, ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು, ಅವರಿಗೆ ಮಕ್ಕಳ ಸುರಕ್ಷತೆಯ ತರಬೇತಿ ಕೊಡಿಸಬೇಕು ಎನ್ನುತ್ತವೆ. ಕರ್ನಾಟಕದಲ್ಲಿ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಇಷ್ಟು ಸ್ಪಷ್ಟವಾಗಿ ಬರೆದಿರುವ ನಿಯಮ ತಾಲ್ಲೂಕು ಮಟ್ಟದ ಅಕಾಡೆಮಿಗಳಿಗೆ ಇನ್ನೂ ಸರಿಯಾಗಿ ಮುಟ್ಟದಿರುವುದು ಇಲಾಖೆಗಳ ಲೋಪ. ಹಾಗೆಂದು ಪೊಲೀಸರ ಕಾಗದ ಒಂದೇ ಸಾಕೆಂದು ತಿಳಿಯಬಾರದು. ದೂರು ದಾಖಲಾಗದ ಮನುಷ್ಯನ ಕಾಗದ ಸ್ವಚ್ಛವಾಗಿಯೇ ಬರುತ್ತದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆಯಾದರೂ ಅದನ್ನು ನೋಡುವ ಅವಕಾಶ ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ. ಹಿಂದೆ ಕೆಲಸ ಮಾಡಿದ ಕ್ಲಬ್ಬಿಗೆ ಫೋನು ಮಾಡಿ, ‘ಇವರನ್ನು ಮಕ್ಕಳ ಜೊತೆ ಮತ್ತೆ ಬಿಡುತ್ತೀರಾ?’ ಎಂದು ಕೇಳುವುದು ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬೈಗುಳ, ಹೊಡೆತಗಳಿಗೂ ಕಾನೂನಿನ ಮಾತಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ ಮಗುವಿನ ಹೊಣೆ ಹೊತ್ತವನು ಅದಕ್ಕೆ ಹೊಡೆದು ಹಿಂಸಿಸಿದರೆ ಮೂರು ವರ್ಷದವರೆಗೆ, ಮಕ್ಕಳ ಪಾಲನೆಯ ಹೊಣೆಯಿರುವ ಸಂಸ್ಥೆಯವನೇ ಹಾಗೆ ಮಾಡಿದರೆ ಐದು ವರ್ಷದವರೆಗೆ ಜೈಲು. ಸೋತ ತಂಡಕ್ಕೆ ಕಾಲು ಸೋಲುವವರೆಗೆ ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನೀರು ಕೊಡದೆ ಓಡಿಸುವುದು, ಜಾತಿ ಧರ್ಮ ಎತ್ತಿ ಬಯ್ಯುವುದು ಶಿಸ್ತು ಅಲ್ಲ. ಹೊಡೆಯದೆ ಕಬಡ್ಡಿ ಕಲಿಸಿದ ಮೇಷ್ಟ್ರುಗಳು ಈ ಸೀಮೆಯಲ್ಲೇ ಬೇಕಾದಷ್ಟು ಜನ ಇದ್ದಾರೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರ ಮತ್ತು ಎಳೆಯ ಆಟಗಾರರ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿ ಇರಬೇಕೆನ್ನುತ್ತದೆ. ಇದು ಮುಖ್ಯವಾಗಿ ರಾಷ್ಟ್ರೀಯ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಹಳ್ಳಿಯ ಸಂಘಕ್ಕೆ ಇಳಿದು ಬರುವವರೆಗೆ ಕಾಯುವ ಅಗತ್ಯವಿಲ್ಲ.

ಸಂಘದೊಳಗಿನ ಏರ್ಪಾಡು

ದುಡ್ಡಿಲ್ಲದ ಸಂಘವೂ ಮಾಡಬಹುದಾದ ಕೆಲಸಗಳಿವೆ. ಅಭ್ಯಾಸದ ಹೊತ್ತಿನಲ್ಲಿ ಕನಿಷ್ಠ ಇಬ್ಬರು ವಯಸ್ಕರಿರಬೇಕು. ಇನ್ನೊಬ್ಬ ತರಬೇತುದಾರ ಸಿಗದಿದ್ದರೆ ಪೋಷಕರು ಸರದಿಯ ಮೇಲೆ ಬಂದು ಕೂರಬಹುದು. ಹೆಣ್ಣುಮಕ್ಕಳಿರುವಲ್ಲಿ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಬೇಕು. ಸಲಕರಣೆ ಇಡುವ ಕೋಣೆಗೆ, ಬಟ್ಟೆ ಬದಲಿಸುವ ಕೋಣೆಗೆ ಮಗುವನ್ನು ಒಂಟಿಯಾಗಿ ಕರೆಯುವಂತಿಲ್ಲ. ಜಿಮ್ನಾಸ್ಟಿಕ್ಸ್, ಕುಸ್ತಿ, ಈಜುಗಳಲ್ಲಿ ಮೈ ಮುಟ್ಟದೆ ಕಲಿಸಲಾಗದು. ಅಲ್ಲಿ ಏಕೆ, ಎಲ್ಲಿ ಹಿಡಿಯುತ್ತೇನೆಂದು ಮೊದಲೇ ಹೇಳಿ, ಮಗು ‘ಬೇಡ’ ಎಂದರೆ ನಿಲ್ಲಿಸಿ, ಎಲ್ಲರ ಕಣ್ಣೆದುರು ಕಲಿಸಬೇಕು. ನೋವಿಗೆ ಎಣ್ಣೆ ಹಚ್ಚಿ ತಿಕ್ಕುವುದು ತರಬೇತುದಾರನ ಕೆಲಸವಲ್ಲ. ನಾಸರ್‌ನ ಕಥೆ ಕಲಿಸಿದ ಪಾಠವಿದು.

ಫೋನಿನ ವಿಷಯದಲ್ಲಿ ಮೆತ್ತಗಾಗಬಾರದು. ಮಗುವಿಗೆ ಕಳಿಸುವ ಪ್ರತಿ ಸಂದೇಶವೂ ಪೋಷಕರಿರುವ ಗುಂಪಿನಲ್ಲೇ ಹೋಗಬೇಕು. ಮಕ್ಕಳ ಚಿತ್ರಗಳನ್ನು ಹೆಸರು, ಶಾಲೆ, ಊರುಗಳ ಸಮೇತ ಎಲ್ಲರಿಗೂ ಕಾಣುವಂತೆ ಹಾಕುವ ಚಾಳಿ ನಿಲ್ಲಬೇಕು.

ಪ್ರಯಾಣ ಇನ್ನೊಂದು ಸಡಿಲ ಕೊಂಡಿ. ಆಯ್ಕೆ ಪಂದ್ಯಕ್ಕೆಂದು ಗೌರಿಬಿದನೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದ ಮಕ್ಕಳು ರಾತ್ರಿ ಉಳಿಯಬೇಕಾಗಿ ಬಂದರೆ ಎಲ್ಲಿ, ಯಾರ ಜೊತೆ ಎಂಬುದು ಹೊರಡುವ ಮೊದಲೇ ಬರವಣಿಗೆಯಲ್ಲಿ ಪೋಷಕರ ಕೈ ಸೇರಿರಬೇಕು. ವಯಸ್ಕರು ಮಕ್ಕಳ ಕೋಣೆಯಲ್ಲಿ ಮಲಗುವಂತಿಲ್ಲ. ಇನ್ನು ಇಡೀ ತಂಡವನ್ನು ಟಾಟಾ ಏಸಿನ ಹಿಂದೆ ನಿಲ್ಲಿಸಿಕೊಂಡು ಪಕ್ಕದ ತಾಲ್ಲೂಕಿಗೆ ಹೋಗುವ ಅಭ್ಯಾಸ. ಸರಕು ಗಾಡಿಯಲ್ಲಿ ಮಕ್ಕಳನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಉರುಳಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಮೈದಾನದ ಅಪಘಾತಗಳು

ಏಪ್ರಿಲ್–ಮೇ ತಿಂಗಳ ಬೇಸಿಗೆ ಶಿಬಿರಗಳ ಕಾಲಕ್ಕೇ ಮುಂಗಾರು ಪೂರ್ವ ಮಳೆಯ ಸಿಡಿಲೂ ಇರುತ್ತದೆ. ಗುಡುಗು ಕೇಳಿಸಿದೊಡನೆ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು. ಮರದಡಿ ನಿಲ್ಲುವುದು ಬಯಲಲ್ಲಿ ನಿಲ್ಲುವಷ್ಟೇ ಅಪಾಯ. ತಲೆಗೆ ಪೆಟ್ಟು ಬಿದ್ದ ಮಗುವನ್ನು, ಅದು ಎಷ್ಟೇ ಹಟ ಮಾಡಿದರೂ, ಆ ದಿನ ಮತ್ತೆ ಆಡಿಸಬಾರದು. ವಾಂತಿ, ತಲೆಸುತ್ತು, ಗೊಂದಲದ ಮಾತು ಕಂಡರೆ 108ಕ್ಕೆ ಕರೆ ಮಾಡಬೇಕು. ಲೆದರ್ ಬಾಲಿನ ಕ್ರಿಕೆಟ್‌ಗೆ ಹೆಲ್ಮೆಟ್ ಇಲ್ಲದೆ ಬ್ಯಾಟು ಕೊಡಬಾರದು. ನೆಲಕ್ಕೆ ಬಿಗಿಯದ ಗೋಲ್‌ಪೋಸ್ಟಿಗೆ ಮಕ್ಕಳು ಜೋತು ಬೀಳುವುದನ್ನು ತಡೆಯಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಗೆ ನೀರಿನ ಎಚ್ಚರಿಕೆ ಬೇರೆಯೇ ಬೇಕು. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದಿನವೂ ಮೈದಾನದಲ್ಲಿ ಬೆವರಿ ಲೀಟರುಗಟ್ಟಲೆ ಕುಡಿಯುವ ಮಗುವಿಗೆ ಶುದ್ಧ ನೀರಿನ ಘಟಕದ ನೀರನ್ನೇ ತರಿಸಬೇಕು. ಆಟ ಮುಗಿದ ಮೇಲೆ ಹುಡುಗರು ಕೃಷಿ ಹೊಂಡಕ್ಕೋ ಕಲ್ಲು ಕ್ವಾರಿಗೋ ಈಜಲು ಹೋಗುವುದುಂಟು. ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ನಿಲ್ಲದು, ಕ್ವಾರಿಯ ಆಳ ಕಣ್ಣಿಗೆ ಸಿಗದು. ಬೆಂಗಳೂರಿನ ಸಂಸ್ಕರಿಸಿದ ನೀರು ಎಚ್.ಎನ್. ವ್ಯಾಲಿ ಯೋಜನೆಯಿಂದ ಜಿಲ್ಲೆಯ ಕೆರೆಗಳಿಗೆ ಬಂದಿದ್ದು, ಹಿಂದೆ ಆಟದ ಬಯಲಾಗಿದ್ದ ಕೆಲವು ಕೆರೆಯಂಗಳಗಳಲ್ಲಿ ಈಗ ನೀರು ನಿಂತಿದೆ, ಅಲ್ಲೂ ಇದೇ ಎಚ್ಚರ ಬೇಕು.

ಮಗು ಬಾಯಿಬಿಟ್ಟಾಗ

ದೂರು ಹೇಳಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಬಲ್ಲರು. ಹುಡುಗಿಯಾದರೆ ಮೊದಲು ಆಟ ಬಿಡಿಸುತ್ತಾರೆ. ಆಮೇಲೆ ಶಾಲೆಯನ್ನೂ ಬಿಡಿಸಬಹುದು, ಮದುವೆಯ ಮಾತೂ ಬರಬಹುದು. ತಪ್ಪು ಮಾಡಿದವನು ಮೈದಾನದಲ್ಲೇ ಉಳಿಯುತ್ತಾನೆ. ಹುಡುಗನಾದರೆ ‘ಗಂಡಸಲ್ಲವಾ ನೀನು’ ಎಂಬ ನಗೆ. ಇದನ್ನು ಬಲ್ಲ ಮಗು ಸುಮ್ಮನಿರುವುದು ಹೆದರಿಕೆಯಿಂದಷ್ಟೇ ಅಲ್ಲ, ತನಗೆ ಇಷ್ಟವಾದ ಆಟವನ್ನು ಉಳಿಸಿಕೊಳ್ಳಲಿಕ್ಕಾಗಿ. ಆದ್ದರಿಂದ ಸಂಘ ಮಕ್ಕಳಿಗೂ ಮನೆಯವರಿಗೂ ಮೊದಲ ದಿನವೇ ಕೊಡಬೇಕಾದ ಮಾತು: ದೂರು ಹೇಳಿದ ಮಗುವಿನ ಆಟ ನಿಲ್ಲುವುದಿಲ್ಲ, ಆರೋಪ ಹೊತ್ತವನು ಮೈದಾನದಿಂದ ದೂರ ಇರುತ್ತಾನೆ. ಈ ಮಾತನ್ನು ಉಳಿಸಿಕೊಳ್ಳದ ಸಂಘದಲ್ಲಿ ದೂರು ಪೆಟ್ಟಿಗೆ ಇಟ್ಟರೂ ಖಾಲಿಯೇ ಇರುತ್ತದೆ.

ಹೇಳಿಕೊಂಡ ಮಗುವನ್ನು ಅಡ್ಡ ಪ್ರಶ್ನೆ ಕೇಳದೆ ಕೇಳಿಸಿಕೊಳ್ಳಬೇಕು. ‘ನಿನ್ನದೇನೂ ತಪ್ಪಿಲ್ಲ’ ಎನ್ನಬೇಕು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಬಾರದು, ಏಕೆಂದರೆ ಹೇಳಲೇಬೇಕು. ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟುಕೊಂಡು, ಮೆಸೇಜು, ಬಟ್ಟೆ ಏನಿದ್ದರೂ ಹಾಗೆಯೇ ತೆಗೆದಿರಿಸಿ, ಪೊಲೀಸರಿಗೆ ತಿಳಿಸಬೇಕು. ಹೇಳಿಕೆ ಪಡೆಯಲು ಸಮವಸ್ತ್ರವಿಲ್ಲದ ಅಧಿಕಾರಿ, ಆದಷ್ಟೂ ಮಹಿಳೆಯೇ, ಮಗುವಿನ ಮನೆಗೆ ಅಥವಾ ಅದು ಬಯಸಿದ ಜಾಗಕ್ಕೆ ಬರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯನ್ನು ಪರೀಕ್ಷಿಸಬೇಕಾದವರು ಮಹಿಳಾ ವೈದ್ಯರು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ತಿಳಿಸಬೇಕು. ಮಗುವಿನ ಹೆಸರು, ಶಾಲೆ, ಕುಟುಂಬದ ಗುರುತು ಬಯಲು ಮಾಡುವುದು ಅಪರಾಧ. ಕಾಳಜಿಯಿಂದಲೇ ಆದರೂ ವಾಟ್ಸಾಪಿನಲ್ಲಿ ಹಂಚುವವರು ಇದನ್ನು ನೆನಪಿಡಬೇಕು.

ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಊರುಗಳಲ್ಲಿ ಇಂಥ ವಿಷಯ ಠಾಣೆಗೆ ಹೋಗುವ ಮೊದಲು ಹಿರಿಯರ ರಾಜಿ ಪಂಚಾಯಿತಿಗೆ ಬರುತ್ತದೆ. ಊರಿನ ಮರ್ಯಾದೆ, ಸಮುದಾಯದ ಮರ್ಯಾದೆ ಎನ್ನುತ್ತಾರೆ. ಇದು ಯಾವ ಒಂದು ಜಾತಿ ಧರ್ಮದ ರೋಗವೂ ಅಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನೂ ಬಾಲಕಿಯ ತಂದೆಯೂ ರಾಜಿಯಾದರೆಂದು ಹೈಕೋರ್ಟ್ ರದ್ದುಮಾಡಿದ್ದ ಪ್ರಕರಣಕ್ಕೆ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಜೀವ ಕೊಟ್ಟಿತು. ಮಗುವಿನ ಮೇಲಿನ ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವ್ಯಾಜ್ಯವಲ್ಲ ಎಂಬುದೇ ಆ ತೀರ್ಪಿನ ತಿರುಳು. ಹಿರಿಯರು ತಮ್ಮ ಮಾತಿನ ತೂಕವನ್ನು ಬಳಸಬೇಕಾದ್ದು ದೂರು ಕೊಟ್ಟ ಮನೆಯನ್ನು ಊರು ದೂರ ಮಾಡದಂತೆ ನೋಡಿಕೊಳ್ಳಲು.

ಇದಕ್ಕೆಂದು ಹೊಸ ವೇದಿಕೆ ಕಟ್ಟಬೇಕಾಗಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಸಂಜೆ ಮೈದಾನದಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಅಲ್ಲಿ ಮಕ್ಕಳ ಬಾಯಲ್ಲೇ ಕೇಳಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕರೆಸಿ ತರಬೇತುದಾರರಿಗೆ ಅರ್ಧ ದಿನದ ತಿಳಿವಳಿಕೆ ಕೊಡಿಸಬಹುದು. ಸಂಘ ನಡೆಸುವವರಲ್ಲಿ ಒಂದು ಕೋರಿಕೆ: ಮುಂದಿನ ಶಿಬಿರದ ಫ್ಲೆಕ್ಸಿನಲ್ಲಿ ಅತಿಥಿಗಳ ಚಿತ್ರ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112ನ್ನು ಕನ್ನಡ, ಉರ್ದು, ತೆಲುಗು ಮೂರರಲ್ಲೂ ದಪ್ಪಕ್ಷರದಲ್ಲಿ ಹಾಕಿಸಿ. ಎರಡೂ ಉಚಿತ, ದಿನದ 24 ಗಂಟೆಯೂ ತೆರೆದಿರುತ್ತವೆ, ಮಗುವೇ ನೇರವಾಗಿ ಕರೆ ಮಾಡಬಹುದು.